ಯಾವ ಎಣ್ಣಿ?

ನಮ್ಮ ನರೇಗಲ್ ಕಡೆ ಎಣ್ಣಿ ಅಂದರೆ ಮೂರು. ಒಗ್ಗರಣೆಗೆ ಹಾಕುವುದು ಒಂದು, ತಲೆಗೆ ಹಚ್ಚುವುದು ಇನ್ನೊಂದು, ಹೊಲಕ್ಕೆ ಹೊಡೆಯುವುದು ಮತ್ತೊಂದು. ಹೆಸರಿಗೆ ಹುಳ ಬಿತ್ತು, ಮೆಣಸಿನ ಗಿಡ ಮುದುಡಿತು ಅಂದರೆ ಅಪ್ಪ ಬೆಳಿಗ್ಗೆ ಎದ್ದವನೇ ‘ಇವತ್ತ ಎಣ್ಣಿ ಹೊಡೀಬೇಕು’ ಅನ್ನುತ್ತಿದ್ದ. ನಾವು ಹುಡುಗರು ಅವತ್ತು ಹೊಲದ ಕಡೆ ಸುಳಿಯುವ ಹಾಗಿರಲಿಲ್ಲ. ಬೆಂಗಳೂರಲ್ಲಿ ನಾಲ್ಕನೆಯದೊಂದು ಇದೆ, ಅಲ್ಲಿ ಎಣ್ಣೆ ಅಂದರೆ ಕುಡಿಯುವುದು ಅಂತ ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ.

2016ರಲ್ಲಿ ನನ್ನ ಬಿಎಸ್ಸಿ ನರ್ಸಿಂಗ್ ಮುಗಿಯಿತು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಮಾರ್ಕ್ಸ್ ಕಾರ್ಡು, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ, ಅವ್ವ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಹಿಡಿದುಕೊಂಡು ಗದಗಿನಲ್ಲಿ ಗೋಲಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದೆ. ರೊಟ್ಟಿ ಒಂದು ವಾರ ಬಂತು. ಮಾರ್ಕ್ಸ್ ಕಾರ್ಡನ್ನು ಸೇರಿಕೊಂಡ ಖಾಸಗಿ ಆಸ್ಪತ್ರೆಯವರು ಮೊದಲ ದಿನವೇ ಇಸಿದುಕೊಂಡರು, ಬಾಂಡ್ ಮುಗಿಯುವವರೆಗೆ ಕೊಡಲಿಲ್ಲ. ಸಂಬಳ 12 ಸಾವಿರ, ಅದರಲ್ಲಿ ಪಿಜಿಗೆ ಐದು. ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗೊಬ್ಬ ನರ್ಸ್, ಉಳಿದ ಕಡೆ ಐದಕ್ಕೊಬ್ಬ ಎಂದು ಓದಿ, ಪರೀಕ್ಷೆಯಲ್ಲಿ ಬರೆದು ಬಂದವಳು ನಾನು. ನೈಟ್ ಡ್ಯೂಟಿಯಲ್ಲಿ ನನ್ನ ಪಾಲಿಗೆ ಹದಿನೆಂಟು ಮಂದಿ. ಇದನ್ನು ಹೊಸದಾಗಿ ಸೇರಿದ ಎಲ್ಲರೂ ಹೇಳುತ್ತಾರೆ, ನಾನು ಹೆಚ್ಚು ಹೇಳುವುದಿಲ್ಲ.

ಎರಡನೇ ತಿಂಗಳು ನನ್ನನ್ನು ಕ್ಯಾಶುವಾಲ್ಟಿಗೆ ಹಾಕಿದರು. ಅವತ್ತು ರಾತ್ರಿ ಒಂದು ಗಂಟೆ ಆಗಿರಬೇಕು. ಕಟ್ಟಡ ಕೆಲಸದವನೊಬ್ಬನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಜೊತೆಗೆ ಹೆಂಡತಿ. ಸೀರೆ ಉಟ್ಟ ರೀತಿಯಲ್ಲೇ ನಮ್ಮ ಕಡೆಯವಳು ಅಂತ ಗೊತ್ತಾಯಿತು. ‘ಎಣ್ಣಿ ಕುಡದಾನ್ರೀ, ಎಣ್ಣಿ ಕುಡದಾನ್ರೀ’ ಅಂತ ಒಂದೇ ಸಮ ಅಳುತ್ತಿದ್ದಳು. ಅವನ ಬಾಯಿಂದ ಸಾರಾಯಿ ವಾಸನೆಯೂ ಬರುತ್ತಿತ್ತು. ಬೆಂಗಳೂರಿನ ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಮದ್ಯಪಾನ ಎಂದು ಬರೆದು, ಒಂದು ಬಾಟಲಿ ಗ್ಲೂಕೋಸ್ ಹಚ್ಚಿ ಅಂದು ಪಕ್ಕದ ಅಪಘಾತದ ಕೇಸಿಗೆ ಹೋದರು. ಅವರನ್ನು ದೂರಲಾರೆ. ಅವಳು ಹೇಳಿದ್ದನ್ನೇ ಅವರು ಬರೆದಿದ್ದರು.

ನಾನು ಲೈನ್ ಹಾಕಲು ಕೈ ಹಿಡಿದೆ. ಕೈ ಬೆವರಿನಿಂದ ಜಾರುತ್ತಿತ್ತು, ಪ್ಲಾಸ್ಟರು ಅಂಟುತ್ತಿಲ್ಲ. ಕಟವಾಯಿಯಲ್ಲಿ ಜೊಲ್ಲು. ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಸಣ್ಣದು. ಕುಡಿದವರನ್ನು ನಮ್ಮೂರ ಸಂತೆಯ ದಿನ ಬೇಕಾದಷ್ಟು ನೋಡಿದ್ದೇನೆ, ಇದು ಹಾಗಿರಲಿಲ್ಲ. ಆದರೂ ಐದು ನಿಮಿಷ ಸುಮ್ಮನಿದ್ದೆ. ಎರಡು ತಿಂಗಳ ಸ್ಟಾಫ್, ಡಾಕ್ಟರು ಬರೆದದ್ದರ ಮೇಲೆ ಮಾತಾಡುವುದು ಹೇಗೆ? ಆ ಐದು ನಿಮಿಷ ಇವತ್ತಿಗೂ ನನ್ನ ಲೆಕ್ಕದಲ್ಲಿದೆ. ಕಡೆಗೆ ಅವಳ ಹತ್ತಿರ ಹೋಗಿ ಕೇಳಿದೆ.

‘ಯಕ್ಕಾ, ಯಾವ ಎಣ್ಣಿ?’

ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಗೆದ್ದಲಕ್ಕ ಹೊಡ್ಯೂ ಎಣ್ಣಿರೀ ಯಕ್ಕಾರ. ಜ್ಯೂಸಿನ ಬಾಟ್ಲ್ಯಾಗ ತುಂಬಿಟ್ಟಿದ್ರು. ಸೆರೆ ಕುಡದು ಬಂದಿದ್ದ, ಕತ್ತಲಾಗ ನೀರಂತ ಎತ್ತಿದ.’

ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಒಂದು ಕ್ಷಣವೂ ವಾದ ಮಾಡಲಿಲ್ಲ. ಹೊಸ ಕಟ್ಟಡದ ಪಾಯಕ್ಕೆ ಗೆದ್ದಲು ಹತ್ತದಂತೆ ಕ್ಲೋರೋಪೈರಿಫಾಸ್ ಸುರಿಯುತ್ತಾರೆ. ಹೊಲಕ್ಕೆ ಹೊಡೆಯುವ ಎಷ್ಟೋ ಎಣ್ಣಿಯ ಹಾಗೆ ಅದೂ ಆರ್ಗನೋಫಾಸ್ಫರಸ್ ಜಾತಿಯದು. ಈ ವಿಷದ ಲಕ್ಷಣಗಳ ಮೇಲೆ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂದಿತ್ತು, ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಬರೆದಿದ್ದೆ. ಅಪ್ಪ ಬೆನ್ನಿಗೆ ಹೊತ್ತ ಪಂಪಿನಲ್ಲಿರುವುದೂ ನಾನು ಬರೆದ ಉತ್ತರದಲ್ಲಿರುವುದೂ ಒಂದೇ ಅಂತ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಅದರ ಮದ್ದು ಅಟ್ರೋಪಿನ್. ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ. ಮೊದಲು ಮೂರು, ಐದು ನಿಮಿಷ ಬಿಟ್ಟು ಎದೆಗೆ ಸ್ಟೆತ್ ಇಟ್ಟು ನೋಡಿ ಆರು, ಮತ್ತೆ ಹನ್ನೆರಡು. ಎದೆಯಲ್ಲಿನ ಗೊರಗೊರ ನಿಂತು ನಾಡಿ ಏರುವವರೆಗೆ ಹೀಗೆ ಇಮ್ಮಡಿ ಮಾಡುತ್ತ ಹೋಗಬೇಕು. ನಾನು ಒಡೆಯುವವಳು, ಕೇರಳದ ಸೀನಿಯರ್ ಸಿಸ್ಟರ್ ಎಳೆದುಕೊಂಡು ಕೊಡುವವರು. ಹೆಬ್ಬೆರಳಿಗೆ ಗಾಜು ಚುಚ್ಚಿ ರಕ್ತ ಬಂದದ್ದು ಬೆಳಿಗ್ಗೆ ಕೈ ತೊಳೆಯುವಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಟ್ರೇ ತುಂಬ ಆಂಪೂಲಿನ ಮುರಿದ ಕುತ್ತಿಗೆಗಳು.

ಎರಡನೇ ದಿನ ಅವನು ಎಚ್ಚರಾಗಿ ಹೆಂಡತಿಯನ್ನು ಗುರುತು ಹಿಡಿದ. ಗೆದ್ದೆವು ಅಂತ ನಾನು ಹಿಗ್ಗಿದೆ. ಐಸಿಯುಗೆ ನೋಡಲು ಹೋದಾಗ ಅದೇ ಸಿಸ್ಟರ್, ‘ತಲೆ ಎತ್ತಿಸಿ ನೋಡಿದೆಯಾ?’ ಅಂದರು. ಈ ವಿಷದಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯು ಸೋಲಬಹುದು, ಅದಕ್ಕೆ ಮುಂಚೆ ಕುತ್ತಿಗೆ ಸೋಲುತ್ತದೆ. ‘ಅಣ್ಣಾ, ದಿಂಬಿನಿಂದ ತಲಿ ಎತ್ತು’ ಅಂದೆ. ಕಣ್ಣು ಮೇಲೆ ಹೋದವು, ಹುಬ್ಬು ಗಂಟಿಕ್ಕಿತು, ತಲೆ ಮಾತ್ರ ದಿಂಬು ಬಿಡಲಿಲ್ಲ. ಆ ಸಂಜೆಯೇ ವೆಂಟಿಲೇಟರ್ ಬೇಕಾಯಿತು. ಹೋಗುವ ದಿನ, ಮೂರು ವಾರದ ಮೇಲೆ, ನಡೆದೇ ಹೋದ. ಹೆಂಡತಿಯ ಕೊರಳು ಬರಿದಾಗಿತ್ತು, ತಾಳಿಯ ಜಾಗದಲ್ಲಿ ಅರಿಶಿನದ ಕೊಂಬು. ಬಿಲ್ಲು ಎಷ್ಟಾಯಿತೆಂದು ನಾನು ಕೇಳಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಬಹಳ ಶಾಣ್ಯಾಕಿ ಅನ್ನಿಸುತ್ತದೆ. ಅದಾದ ನಾಲ್ಕೇ ತಿಂಗಳಿಗೆ ಮೆಡಿಕಲ್ ವಾರ್ಡಿನಲ್ಲಿ ಒಬ್ಬ ತಾಯಿಗೆ ಎರಡು ಹೊತ್ತು ತಪ್ಪು ಇನ್ಸುಲಿನ್ ಕೊಟ್ಟೆ.

ನಮ್ಮ ದೇಶದಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಬಗೆ. ಕೆಂಪು ಮುಚ್ಚಳದ್ದು ಒಂದು ಮಿಲಿಗೆ 40 ಯೂನಿಟ್ ಇರುವ ಸೀಸೆಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ಟಿನದಕ್ಕೆ. ಸ್ಟೋರಿನಿಂದ ಅವತ್ತು ಬಂದದ್ದು ಕಿತ್ತಳೆ, ನನ್ನ ಕೈಯಲ್ಲಿದ್ದ ಸೀಸೆ 40ರದ್ದು. 20 ಯೂನಿಟ್ ಕೊಡಬೇಕಿತ್ತು, 20ರ ಗೆರೆಗೇ ಎಳೆದೆ. ಹಾಗೆ ಎಳೆದರೆ ಒಳಗೆ ಹೋಗುವುದು ಎಂಟೇ ಯೂನಿಟ್. ಸಕ್ಕರೆ 300ರ ಕೆಳಗೆ ಇಳಿಯಲೇ ಇಲ್ಲ. ಮನೆಯವರು ಏನೋ ಸಿಹಿ ತಿನ್ನಿಸಿರಬೇಕು ಅಂತ ಅವರ ಮಗಳಿಗೆ ಬೈದೆ ಕೂಡ. ಮೂರನೇ ಹೊತ್ತಿಗೆ ಮುಚ್ಚಳ ತೆಗೆಯುವಾಗ ಬಣ್ಣ ಕಣ್ಣಿಗೆ ಬಿತ್ತು, ಕಾಲು ತಣ್ಣಗಾದವು. ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದೆ, ಬರೆದುಕೊಟ್ಟೆ, ಬೈಗುಳ ತಿಂದೆ. ಮಗಳ ಹತ್ತಿರ ಹೋಗಿ ತಪ್ಪಾಯ್ತು ಅನ್ನುವುದೇ ಎಲ್ಲಕ್ಕಿಂತ ಕಷ್ಟವಾಯಿತು. ತಪ್ಪು ಉಲ್ಟಾ ಆಗಿ 100ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿದ್ದರೆ 20ರ ಗೆರೆಗೆ 50 ಯೂನಿಟ್ ಹೋಗುತ್ತಿತ್ತು, ಆ ತಾಯಿ ನಿದ್ದೆಯಲ್ಲೇ ಉಳಿದುಬಿಡಬಹುದಿತ್ತು. ಆ ರಾತ್ರಿ ಪಿಜಿಯ ಟೆರೇಸಿನ ಮೇಲೆ ಕೂತು ಈ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿದೆ.

ನೌಕರಿ ಬಿಡುತ್ತೇನೆ ಅಂತ ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಎಲ್ಲ ಕೇಳಿ, ‘ಎರಡ ಬಣ್ಣದ್ದು ಯಾಕ ಮಾಡ್ಯಾರ ಅವ್ರು? ಒಂದ ಮಾಡಬಾರದೇನ?’ ಅಂದಳು. ನಾಲ್ಕು ವರ್ಷದಲ್ಲಿ ಯಾವ ಪಾಠದಲ್ಲೂ ನಾನು ಕೇಳದ ಪ್ರಶ್ನೆ ಅದು.

ಈಗ ಊರಿಗೆ ಹತ್ತಿರದ ಸರ್ಕಾರಿ ದವಾಖಾನಿಯಲ್ಲಿದ್ದೇನೆ. ಕಿಟಕಿಯಿಂದ ಎರಿ ಹೊಲಗಳಾಚೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಇಲ್ಲಿ ಎಣ್ಣಿ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಆದರೂ ‘ಯಾವ ಎಣ್ಣಿ, ಡಬ್ಬಿ ತಂದೀರೇನು?’ ಅಂತ ಕೇಳದೆ ಬಿಡುವುದಿಲ್ಲ. ಒಂದೊಂದಕ್ಕೆ ಒಂದೊಂದು ಮದ್ದು, ಕೆಲವಕ್ಕೆ ಮದ್ದೇ ಇಲ್ಲ. ಸಕ್ಕರೆ ಬೇನೆಯವರಿಗೂ ಹಾಗೆಯೇ, ಬರುವಾಗ ಸೀಸೆ, ಸಿರಿಂಜ್ ಎರಡೂ ತರಬೇಕು.

ಹೋದ ತಿಂಗಳು ಅಬ್ಬಿಗೇರಿ ಕಡೆಯ ಅಜ್ಜನೊಬ್ಬ ಬಂದ. ಟವೆಲ್ಲಿನ ತುದಿಯ ಗಂಟು ಬಿಚ್ಚಿ ಸಿರಿಂಜ್ ಮೇಜಿನ ಮೇಲಿಟ್ಟ. ಕಿತ್ತಳೆ ಮುಚ್ಚಳ. ಸೀಸೆ 40ರದ್ದು. ‘ಅಂಗಡ್ಯಾಗ ಇದನ್ನ ಕೊಟ್ರಬೇ. ಮೊದಲ 20 ಗೆರಿ ಇತ್ತು, ಸಕ್ರಿ ಇಳೀಲಿಲ್ಲಂತ 30 ಮಾಡಿದ್ರು.’ ಕೆಂಪು ಮುಚ್ಚಳದ್ದೊಂದು ಕೈಗೆ ಕೊಟ್ಟು ಕಳಿಸಿದ್ದರೆ ಅಜ್ಜ ಅದರಲ್ಲೂ 30ಕ್ಕೇ ಎಳೆಯುತ್ತಿದ್ದ. ಇಷ್ಟು ದಿನ 12 ಯೂನಿಟ್ ಕಂಡ ಮೈಗೆ ಒಮ್ಮೆಲೇ 30. ಸಿರಿಂಜನ್ನು ಮೇಜಿನ ಮೇಲೆಯೇ ಬಿಟ್ಟು ಡಾಕ್ಟರಿಗೆ ಫೋನ್ ಹಚ್ಚಿದೆ. ಎಂಗೇಜು. ಮತ್ತೆ ಹಚ್ಚಿದೆ.

ಅಜ್ಜ ಗೋಡೆಯ ಗಡಿಯಾರ ನೋಡಿದ. ‘ಬಸ್ಸು ತಪ್ಪತೈತಿ ಬೇ.’

‘ತಪ್ಪಲಿ ಬಿಡ ಯಜ್ಜಾ, ಎರಡರದ್ದು ಐತಿ. ಕೂಡು.’