ವಿದ್ಯುತ್ ಕಾರಿನಲ್ಲಿ ಗೋವಾ ಪ್ರಯಾಣ: ಹೊರಡುವ ಮೊದಲೇ ಹಿಂತಿರುಗುವ ಲೆಕ್ಕ



ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ನಮ್ಮ ಸದಸ್ಯರು, ಅವರಿಗಿಂತ ಹೆಚ್ಚಾಗಿ ಅವರ ಮಕ್ಕಳು, ಗೋವಾಕ್ಕೆ ಹೋಗಿ ಬರುವುದುಂಟು. ಮಂಗೇಶಿ ದೇವಸ್ಥಾನಕ್ಕೆಂದು ಹೊರಟವರೂ ಸಂಜೆಯಾದೊಡನೆ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳ ದೀಪ ನೋಡಲು ಹೋಗುತ್ತಾರೆ. ಹೋಗಿರೆಂದು ನಾವು ಹೇಳುವುದಿಲ್ಲ. ಹೋಗುವವರು ಹೇಗೂ ಹೋಗುತ್ತಾರೆ. ಆದರೆ ಈಚೆಗೆ ಹಲವರ ಮನೆಯಂಗಳಕ್ಕೆ ವಿದ್ಯುತ್ ಕಾರು ಬಂದಿರುವುದರಿಂದ, ಈ ದೂರದ ದಾರಿಯಲ್ಲಿ ಎಲ್ಲಿ ನಿಂತು ಎಷ್ಟು ಚಾರ್ಜ್ ಮಾಡಬೇಕೆಂದು ಕೇಳುವವರು ಹೆಚ್ಚಾಗಿದ್ದಾರೆ. ಈ ಸಂಚಿಕೆಯ ಪಾಠ ಅದರ ಬಗ್ಗೆ.

ಬೇಸಗೆಯಲ್ಲಿ ಬಾವಿಯ ನೀರು ಎಷ್ಟಿದೆಯೆಂದು ಬಗ್ಗಿ ನೋಡದೆ ತೋಟಕ್ಕೆ ಪಂಪು ಹಾಕುವವರು ನಮ್ಮಲ್ಲಿಲ್ಲ. ನಾಳೆಗೂ ಮನೆಖರ್ಚಿಗೂ ಇಷ್ಟು ಉಳಿಯಬೇಕು ಎಂದು ಮೊದಲು ತೆಗೆದಿಟ್ಟು, ಮಿಕ್ಕಿದ್ದನ್ನು ತೋಟಕ್ಕೆ ಬಿಡುತ್ತೇವೆ. ಬ್ಯಾಟರಿಗೂ ಇದೇ ನಿಯಮ. ಪಾಠದ ಕೊನೆಯಲ್ಲಿ ನೋಡಲಿರುವಂತೆ, ಕಿಸೆಗೂ ಇದೇ ನಿಯಮ.

1. ಬ್ಯಾಟರಿಯ ಲೆಕ್ಕ

ಉದಾಹರಣೆಗೆ 30 ಯೂನಿಟ್ ಹಿಡಿಯುವ ಬ್ಯಾಟರಿಯ ಕಾರನ್ನು ತೆಗೆದುಕೊಳ್ಳೋಣ. ನಾಲ್ಕು ಜನ ಕುಳಿತು, ಎ.ಸಿ. ಹಾಕಿ, ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲಿ ಹೋದರೆ ಯೂನಿಟ್ ಒಂದಕ್ಕೆ 6 ಕಿ.ಮೀ. ಎಂದು ಹಿಡಿಯುವುದು ಕ್ಷೇಮ. ಕಂಪೆನಿಯವರು ಹೇಳುವ ದೂರ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಅದನ್ನು ನಂಬಿ ಹೊರಡಬಾರದು. ನಮ್ಮ ಲೆಕ್ಕದಂತೆ ತುಂಬಿದ ಬ್ಯಾಟರಿಗೆ 180 ಕಿ.ಮೀ. ಇದರಲ್ಲಿ ಐದನೆಯ ಒಂದು ಪಾಲು, ಅಂದರೆ 6 ಯೂನಿಟ್, ಮೀಸಲು. ಅದನ್ನು ಇಲ್ಲವೆಂದೇ ತಿಳಿಯಬೇಕು.

ನಿಮ್ಮ ಕಾರು ಬೇರೆಯಾದರೆ ಒಂದು ದಿನ ಉಡುಪಿಗೆ ಹೋಗಿ ಬನ್ನಿ. ಎಷ್ಟು ಕಿ.ಮೀ.ಗೆ ಎಷ್ಟು ಯೂನಿಟ್ ಖರ್ಚಾಯಿತೆಂದು ಬರೆದಿಟ್ಟುಕೊಳ್ಳಿ. ಆ ಅಂಕಿಯೇ ನಿಮ್ಮ ಕಾರಿನ ನಿಜವಾದ ಅಂಕಿ.

2. ಮನೆಯಲ್ಲಿ ತುಂಬಿಸುವುದು

ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಬೇಕು. 15 ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ತುಂಬುವುದರಿಂದ, ಖಾಲಿ ಬ್ಯಾಟರಿ ತುಂಬಲು ಹತ್ತು ಗಂಟೆಗೂ ಮಿಕ್ಕಿ ಬೇಕು. ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಬೇಸಗೆಯಲ್ಲಿ ನೆಲ ಒಣಗಿ ಹೀಗಾಗುವುದು ಸಾಮಾನ್ಯ. ಅರ್ತಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು.

ಒಂದು ಎಚ್ಚರಿಕೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಸರಕಾರ ಕೊಡುವ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ. ಪಂಪಿನ ಮನೆಯಿಂದ ವಯರ್ ಎಳೆದು ಕಾರು ಚಾರ್ಜ್ ಮಾಡುವುದು ಅಪರಾಧ. ಒಬ್ಬರು ಮಾಡಿದ ತಪ್ಪಿಗೆ ಎಲ್ಲ ಬೆಳೆಗಾರರ ಮೇಲೂ ಸಂಶಯ ಬರುವಂತಾಗಬಾರದು.

3. ದಾರಿ ಮತ್ತು ದೂರ

ನಮ್ಮ ದಾರಿ ರಾಷ್ಟ್ರೀಯ ಹೆದ್ದಾರಿ 66. ಕುಂದಾಪುರದಿಂದ ದೂರ ಅಂದಾಜು ಹೀಗಿದೆ:

ಬೈಂದೂರು – 33 ಕಿ.ಮೀ.
ಭಟ್ಕಳ – 50 ಕಿ.ಮೀ.
ಹೊನ್ನಾವರ – 92 ಕಿ.ಮೀ.
ಕುಮಟಾ – 112 ಕಿ.ಮೀ.
ಅಂಕೋಲಾ – 145 ಕಿ.ಮೀ.
ಕಾರವಾರ – 180 ಕಿ.ಮೀ.
ಪಣಜಿ – 280 ಕಿ.ಮೀ.

ಬ್ರಹ್ಮಾವರದವರು 24 ಕಿ.ಮೀ. ಕೂಡಿಸಿಕೊಳ್ಳಬೇಕು. ಬೈಂದೂರಿನವರು 33 ಕಳೆಯಬೇಕು. ಒಳನಾಡಿನ ತೋಟದವರು ಮನೆಯಿಂದ ಹೆದ್ದಾರಿಗಿರುವ ದೂರವನ್ನು ಮರೆಯಬಾರದು.

ಕಾರವಾರದವರೆಗೆ ದಾರಿ ಬಹುಮಟ್ಟಿಗೆ ಸಮತಟ್ಟು. ಗೋವಾ ಸೇರಿ ಕಾಣಕೋಣ ದಾಟಿದ ಮೇಲೆ ಕರ್ಮಲ ಘಟ್ಟ ಸಿಗುತ್ತದೆ. ಏರಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಇಳಿಜಾರಿನಲ್ಲಿ ಸ್ವಲ್ಪ ಮರಳಿ ಬಂದರೂ ಹೋದದ್ದೆಲ್ಲ ಬರುವುದಿಲ್ಲ. ಆದ್ದರಿಂದ ಕಾರವಾರ–ಪಣಜಿ ನಡುವೆ ಯೂನಿಟ್‌ಗೆ ಐದೂವರೆ ಕಿ.ಮೀ. ಎಂದು ಹಿಡಿಯೋಣ.

4. ಎಲ್ಲಿ ನಿಲ್ಲಬೇಕು?

ಬ್ಯಾಟರಿ ಮುಗಿಯುತ್ತ ಬಂದಲ್ಲಿ ನಿಲ್ಲುವುದೆಂಬುದು ಎಲ್ಲರಿಗೂ ಮೊದಲು ತೋಚುವ ಉತ್ತರ. ಅದು ತಪ್ಪು. ಸರಿಯಾದ ನಿಯಮ ಇದು: ನಾವು ನಿಲ್ಲುವ ಕೇಂದ್ರದ ಯಂತ್ರ ಕೆಟ್ಟಿದ್ದರೂ ಮುಂದಿನ ಪೇಟೆ ಮುಟ್ಟುವಷ್ಟು ಉಳಿದಿರಬೇಕು.

ಕುಂದಾಪುರದಿಂದ 30 ಯೂನಿಟ್ ತುಂಬಿಸಿ ಹೊರಟು ಅಂಕೋಲಾದಲ್ಲಿ ನಿಲ್ಲುತ್ತೇವೆಂದುಕೊಳ್ಳಿ. 145 ಕಿ.ಮೀ.ಗೆ 24.2 ಯೂನಿಟ್ ಖರ್ಚಾಗಿ 5.8 ಉಳಿಯಿತು. ಅಲ್ಲಿ ಯಂತ್ರ ಕೆಟ್ಟಿದೆ. ಕಾರವಾರಕ್ಕೆ 35 ಕಿ.ಮೀ., ಬೇಕಾದದ್ದು 5.8. ಅಂದರೆ ಕಾರವಾರ ಮುಟ್ಟುವಾಗ ಬ್ಯಾಟರಿ ಸೊನ್ನೆ. ಎದುರುಗಾಳಿಯೋ ಮಳೆಯೋ ಬಂದರೆ ಕಾರು ದಾರಿಯ ಬದಿಯಲ್ಲಿ.

ಅದೇ ಕಾರನ್ನು ಕುಮಟಾದಲ್ಲಿ ನಿಲ್ಲಿಸಿದರೆ ಕೈಯಲ್ಲಿ 11.3 ಯೂನಿಟ್ ಇರುತ್ತದೆ. ಯಂತ್ರ ಕೆಟ್ಟಿದ್ದರೂ 33 ಕಿ.ಮೀ. ಮುಂದಿನ ಅಂಕೋಲಾಕ್ಕೆ 5.5 ಸಾಕು. ಮೀಸಲು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಈ ನಿಯಮದಂತೆ ಮೊದಲ ನಿಲುಗಡೆ: ಬ್ರಹ್ಮಾವರದವರಿಗೆ ಹೊನ್ನಾವರ, ಕುಂದಾಪುರದವರಿಗೆ ಕುಮಟಾ, ಬೈಂದೂರಿನವರಿಗೆ ಅಂಕೋಲಾ. ಎರಡನೆಯ ನಿಲುಗಡೆ ಮೂವರಿಗೂ ಕಾರವಾರ. ಅಲ್ಲಿ ಬ್ಯಾಟರಿಯನ್ನು ನೂರಕ್ಕೆ 80ರಷ್ಟು, ಅಂದರೆ 24 ಯೂನಿಟ್‌ಗೆ ತಂದರೆ, ಪಣಜಿಗೆ 18 ಖರ್ಚಾಗಿ 6 ಉಳಿಯುತ್ತದೆ.

ಶೀಘ್ರ ಚಾರ್ಜಿಂಗ್ ಯಂತ್ರದಲ್ಲಿ 12–13 ಯೂನಿಟ್ ತುಂಬಲು ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ನೂರಕ್ಕೆ 80 ದಾಟಿದ ಮೇಲೆ ತುಂಬುವುದು ನಿಧಾನ. ಆಗ ಹಿಂದಿನವರಿಗೆ ಜಾಗ ಬಿಟ್ಟು ಹೊರಡುವುದು ಮರ್ಯಾದೆ. ಆದರೆ ಕಾರವಾರದ ಕೇಂದ್ರದ ಬಗ್ಗೆ ಸಂಶಯವಿದ್ದರೆ ಮಾತ್ರ ಮೊದಲ ನಿಲುಗಡೆಯಲ್ಲಿಯೇ ಕಾದು 95ರವರೆಗೆ ತುಂಬಿಸಬಹುದು. ಹಿಂದಿನ ಊರಿನಿಂದಲೇ ಮುಂದಿನ ಕೇಂದ್ರಕ್ಕೆ ಫೋನು ಮಾಡಿ ವಿಚಾರಿಸುವುದು ಒಳ್ಳೆಯ ಅಭ್ಯಾಸ. ಮೊಬೈಲಿನಲ್ಲಿ ಹಸಿರು ಚುಕ್ಕೆ ಕಂಡ ಮಾತ್ರಕ್ಕೆ ಯಂತ್ರ ನಡೆಯುತ್ತಿದೆ ಎಂದಲ್ಲ.

ಇದು ನಮ್ಮ ಅನುಭವದ ಮಾತು. ನಾವು ನಾಲ್ವರು ಹೋದಾಗ ದಾರಿಯ ಒಂದು ಕೇಂದ್ರದಲ್ಲಿ ಯಂತ್ರದ ಪರದೆ ಕಪ್ಪಾಗಿತ್ತು, ಕೇಳಿದರೆ ಹೇಳುವವರಿರಲಿಲ್ಲ. ಮೀಸಲು ಇದ್ದುದರಿಂದ ಚಹಾ ಕುಡಿದು ಮುಂದಿನ ಊರಿಗೆ ಹೋದೆವು. ಅಷ್ಟೇ ಆದ ತೊಂದರೆ.

5. ಮಳೆಗಾಲದಲ್ಲಿ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಜೀವಹಾನಿಯಾಗಿ, ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಅದೇ ವರ್ಷ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಎರಡೂ ನಮ್ಮ ದಾರಿಯ ಮೇಲೆಯೇ. ಹೆದ್ದಾರಿ ಮುಚ್ಚಿದರೆ ಶಿರಸಿ, ಯಲ್ಲಾಪುರದ ಮೇಲೆ ಘಟ್ಟ ಹತ್ತಿ ಸುತ್ತಬೇಕು. ಆ ಏರಿನಲ್ಲಿ ನಮ್ಮ 6 ಕಿ.ಮೀ. ಲೆಕ್ಕ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಜಿನ ಪ್ರಯಾಣ ಮುಂದೂಡುವುದೇ ಲೇಸು. ಕೊಳೆರೋಗದ ಮದ್ದು ಹೊಡೆಯುವ ಕಾಲವೂ ಅದೇ ತಾನೆ!

6. ಪಣಜಿಯಲ್ಲಿ

ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಊರು ಸೇರಿದ ಸಂತೋಷದಲ್ಲಿ 6 ಯೂನಿಟ್ ಉಳಿದ ಕಾರನ್ನು ದಂಡೆಯಲ್ಲಿ ನಿಲ್ಲಿಸಿ ಹಡಗು ಹತ್ತುತ್ತಾರೆ. ನಡುರಾತ್ರಿ ಇಳಿದು, ನಿದ್ದೆಗಣ್ಣಿನಲ್ಲಿ ಚಾರ್ಜಿಂಗ್ ಕೇಂದ್ರ ಹುಡುಕುತ್ತಾರೆ. ಕ್ರಮ ತಿರುಗಬೇಕು. ಮೊದಲು ಕಾರಿಗೆ ಚಾರ್ಜು, ಆಮೇಲೆ ಉಳಿದದ್ದು. ತಂಗುವ ಹೋಟೆಲಿನಲ್ಲಿ ರಾತ್ರಿ ಚಾರ್ಜಿಗೆ ಹಾಕಲು ಅನುಕೂಲವಿದೆಯೇ ಎಂದು ಕೋಣೆ ಗೊತ್ತುಮಾಡುವಾಗಲೇ ಕೇಳಬೇಕು. ಬೆಳಗ್ಗೆ ತುಂಬಿದ ಬ್ಯಾಟರಿಯಲ್ಲಿ, ನಿದ್ದೆ ಮುಗಿಸಿದವರು ಕಾರು ಬಿಡಬೇಕು. ಕುಡಿದವರು ಬಿಡಲೇಕೂಡದು.

7. ಕಿಸೆಯ ಲೆಕ್ಕ

ಕರ್ನಾಟಕದಲ್ಲಿ ಹಣವಿಟ್ಟು ಜೂಜಾಡುವುದು 1963ರ ಪೊಲೀಸ್ ಕಾಯ್ದೆಯಂತೆ ಅಪರಾಧ. ಗೋವಾದಲ್ಲಿ 1976ರ ಕಾಯ್ದೆಗೆ ತಿದ್ದುಪಡಿ ತಂದು 1992ರಲ್ಲಿ ಪಂಚತಾರಾ ಹೋಟೆಲುಗಳಿಗೂ, 1996ರಲ್ಲಿ ಹಡಗುಗಳಿಗೂ ಅವಕಾಶ ಕೊಟ್ಟರು. 21 ವರ್ಷ ತುಂಬದವರಿಗೆ ಪ್ರವೇಶವಿಲ್ಲ.

ಅಲ್ಲಿಯ ಆಟದ ಲೆಕ್ಕ ಒಂದನ್ನು ನೋಡೋಣ. ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳು. ಪ್ರತಿಯೊಂದಕ್ಕೂ ₹100ರಂತೆ ₹3,700 ಇಟ್ಟಿರೆನ್ನಿ. ಚೆಂಡು ಎಲ್ಲೇ ಬೀಳಲಿ, ಗೆದ್ದ ಮನೆಗೆ ₹3,500 ಮತ್ತು ಇಟ್ಟ ₹100, ಒಟ್ಟು ₹3,600 ಬರುತ್ತದೆ. ಪ್ರತಿ ಸುತ್ತಿಗೂ ₹100 ನಷ್ಟ ಖಂಡಿತ. ಎರಡು ಸೊನ್ನೆಯ ಚಕ್ರವಾದರೆ ₹200. ಅದೃಷ್ಟ ಒಂದು ರಾತ್ರಿ ಒಬ್ಬರ ಕಡೆ ಇರಬಹುದು. ಲೆಕ್ಕ ಯಾವಾಗಲೂ ಹಡಗಿನ ಕಡೆ. ಇದರ ಮೇಲೆ, ಆಟದ ಬಿಲ್ಲೆ ಕೊಳ್ಳುವ ಹಣಕ್ಕೆ 2023ರ ಅಕ್ಟೋಬರ್ 1ರಿಂದ ನೂರಕ್ಕೆ 28ರಂತೆ ಇದ್ದ ಜಿ.ಎಸ್.ಟಿ., 2025ರ ಸೆಪ್ಟೆಂಬರ್ 22ರಿಂದ 40ಕ್ಕೆ ಏರಿದೆ.

ನಾವು ನಾಲ್ವರು ಹೋದ ಪ್ರಯಾಣದ ಉಳಿದ ಭಾಗವನ್ನೂ ಹೇಳಬೇಕು. ನಮ್ಮಲ್ಲೊಬ್ಬರು ಕೊನೆ ಕೊಯ್ಲಿನವರಿಗೆ ಕೊಡಲೆಂದು ತೆಗೆದ ಹಣವನ್ನು ಮನೆಯಲ್ಲಿಡದೆ ಕಿಸೆಯಲ್ಲಿಯೇ ತಂದಿದ್ದರು. ಆಡಲೆಂದು ತಂದದ್ದಲ್ಲ. ಆದರೆ ಮೊದಲು ಹೋದ ಎರಡು ಸಾವಿರವನ್ನು ಮರಳಿ ಪಡೆಯಲು ಅದಕ್ಕೆ ಕೈ ಹಾಕಿದರು. ಹಿಂತಿರುಗುವಾಗ ಕಾರವಾರದವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮರುವಾರ ಕೊಯ್ಲಿನವರು ಅಂಗಳಕ್ಕೆ ಬಂದಾಗ ಅವರು ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. ಅವರ ಕಾರಿನ ಬ್ಯಾಟರಿಗೆ ಮೀಸಲು ಇತ್ತು. ಕಿಸೆಗೆ ಇರಲಿಲ್ಲ. ಜೊತೆಗಿದ್ದ ನಾವು ಮೂವರೂ ಹೊರಡುವ ಮೊದಲು ಅದನ್ನು ಕೇಳಲಿಲ್ಲ. ಆ ತಪ್ಪು ನಮ್ಮದೂ ಹೌದು.

ಹಾಗಾಗಿ ಹಣಕ್ಕೂ ಚಾರ್ಜಿನ ನಿಯಮವನ್ನೇ ಹಾಕಬೇಕು. ಹೋಗಿಬರುವ 560 ಕಿ.ಮೀ.ಗೆ ಸುಮಾರು 96 ಯೂನಿಟ್ ಬೇಕು. ಮನೆಯಲ್ಲಿ ತುಂಬಿಸಿದ್ದು ಕಳೆದು, ಮೀಸಲು ಸೇರಿಸಿದರೆ ಹೊರಗೆ 72 ಯೂನಿಟ್. ₹20ರ ದರ ಹಿಡಿದರೆ ₹1,440. ಹೋಟೆಲು, ಊಟದ ಹಣದೊಂದಿಗೆ ಇದನ್ನು ಆಡದವರೊಬ್ಬರ ಕೈಗೆ ಮೊದಲೇ ಕೊಡಿ. ಕೂಲಿ, ಗೊಬ್ಬರ, ಶಾಲೆಯ ಫೀಸಿನ ಹಣ ಜಿಲ್ಲೆ ದಾಟಲೇಬಾರದು. ಹಡಗಿಗೆ ಒಯ್ಯುವುದು, ಹೋದರೆ ಹೋಯಿತೆಂದು ಮನೆಯವರ ಎದುರು ಹೇಳಬಹುದಾದ ಮೊತ್ತವನ್ನು ಮಾತ್ರ. ಎ.ಟಿ.ಎಂ. ಕಾರ್ಡೂ ಫೋನಿನ ಹಣದ ಆ್ಯಪೂ ದಡದಲ್ಲಿರಲಿ.

ನೆನಪಿಡಬೇಕಾದ ಅಂಶಗಳು

1. ಐದನೆಯ ಒಂದು ಪಾಲು ಮೀಸಲು, ಅದು ಲೆಕ್ಕದಲ್ಲಿಲ್ಲ.
2. ಈ ಕೇಂದ್ರ ಕೆಟ್ಟಿದ್ದರೆ ಮುಂದಿನದು ಮುಟ್ಟುವಂತಿರಬೇಕು.
3. ಊರು ಸೇರಿದೊಡನೆ ಮೊದಲು ಮರಳುವ ಚಾರ್ಜು.
4. ಮರಳುವ ಹಣ ಬೇರೆಯವರ ಕೈಯಲ್ಲಿ.

ಅಭ್ಯಾಸ: ನಿಮ್ಮ ಮನೆಯಂಗಳದಿಂದ ಆರಂಭಿಸಿ ಈ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ; ಆಮೇಲೆ ಪಣಜಿಯಿಂದ ಮನೆಗೆ ತಿರುಗಿಸಿ ಬರೆಯಿರಿ. ಎರಡನೆಯ ಪಟ್ಟಿ ಪೂರ್ತಿಯಾಗುವವರೆಗೆ ಕಾರಿನ ಕೀಲಿ ಮೊಳೆಯಲ್ಲಿಯೇ ತೂಗಾಡುತ್ತಿರಲಿ.