ಬಣ್ಣ ಹೊಡೆಸುವ ಮೊದಲು ಫ್ರೇಮ್ ನೋಡಿ

ಜೂನ್ ಬಂತೆಂದರೆ ನೇಸರಿ, ಗಡಹಿಂಗ್ಲಜ ಕಡೆ ಕೊಟ್ಟಿಗೆಯ ಗೋಡೆಗೆ ಒರಗಿದ್ದ ಸೈಕಲ್ಲುಗಳು ಹೊರಬರುತ್ತವೆ. ಅಪ್ಪ ವರ್ಷಗಟ್ಟಲೆ ಹಾಲಿನ ಕ್ಯಾನು, ಕಬ್ಬಿನ ಸೋಗೆ ಹೇರಿದ ಸೈಕಲ್ಲಿಗೆ ಹೊಸ ಟೈರು, ಹೊಸ ಬಣ್ಣ. ಮಗ ಹೈಸ್ಕೂಲಿಗೆ ಹೊರಟ. ತಪ್ಪಾಗುವುದು ಇಲ್ಲೇ. ಬಣ್ಣದಡಿ ಬಿರುಕು ಅಡಗಿಬಿಡುತ್ತದೆ. ಬ್ರೇಕ್ ಕೈಕೊಟ್ಟರೆ ಕಾಲಾದರೂ ಊರಬಹುದು. ಹ್ಯಾಂಡಲ್ ಬುಡದಲ್ಲಿ ಫ್ರೇಮ್ ಮುರಿದರೆ ಅಷ್ಟು ಹೊತ್ತೂ ಸಿಗುವುದಿಲ್ಲ.

ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು, ಕೆಸರು ಒರೆಸಿ. ಸೈಕಲ್ಲನ್ನು ತಲೆಕೆಳಗು ಮಾಡಿ ಬಿಸಿಲಲ್ಲಿ ನಿಲ್ಲಿಸಿ. ಹ್ಯಾಂಡಲ್ ಕೂರುವ ಕೊಳವೆಗೆ ಎರಡು ಬಾರುಗಳು ಸೇರುವ ಜಾಗದಲ್ಲಿ, ಅದರಲ್ಲೂ ಕೆಳಗಿನ ಬಾರಿನ ಅಡಿಭಾಗದಲ್ಲಿ, ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ, ಬಣ್ಣ ಸುಕ್ಕುಗಟ್ಟಿದ್ದರೆ, ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅಲ್ಲಿ ಬಣ್ಣ ಕೆರೆದು ನೋಡಿ. ಪೆಡಲಿನ ಅಚ್ಚು ಕೂರುವ ಗೂಡಿನ ಸುತ್ತ, ಹಿಂದಿನ ಚಕ್ರದ ನಟ್ಟು ಕೂರುವ ಕಡೆಯೂ ಹೀಗೇ ಮಾಡಿ.

ಸೊಟ್ಟ ಇದೆಯೇ ತಿಳಿಯಲು ಒಂದು ದಾರ ಸಾಕು. ಹಿಂದಿನ ನಟ್ಟಿನ ಒಂದು ಬದಿಯಿಂದ ಹೊರಟು ಹ್ಯಾಂಡಲ್ ಕೊಳವೆಯನ್ನು ಬಳಸಿ ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ದಾರಕ್ಕೆ ಎರಡೂ ಬದಿ ಅಂತರ ಅಳೆಯಿರಿ. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಫ್ರೇಮ್ ಬಾಗಿದೆ.

ಬಿರುಕು ಸಿಕ್ಕಿತು ಎನ್ನಿ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಂದು ವೆಲ್ಡಿಂಗ್ ಹೊಡೆಸಿದರೆ ಆಯ್ತಲ್ರೀ!’ ನಾನು ಜಗಳ ಆಡುವುದೇ ಈ ಮಾತಿಗೆ. ಗೇಟು, ಟ್ರಾಲಿ ಬೆಸೆಯುವ ಕರೆಂಟ್ ವೆಲ್ಡಿಂಗ್ ದಪ್ಪ ಕಬ್ಬಿಣಕ್ಕೆ ಸರಿ. ಸೈಕಲ್ ಕೊಳವೆಯ ಗೋಡೆ ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಕಾವಿಗೆ ತೆಳು ಗೋಡೆ ತೂತಾಗುತ್ತದೆ, ಇಲ್ಲವೇ ಬೆಸುಗೆಯ ಪಕ್ಕದ ಉಕ್ಕು ಪೆಡಸಾಗುತ್ತದೆ. ಮೇಲೆ ನೋಡಿದರೆ ಕಬ್ಬಿನ ಗಿಣ್ಣಿನಂತೆ ಗಟ್ಟಿ ಗಂಟು. ಮುಂದಿನ ಗುಂಡಿಯಲ್ಲಿ ಅದರ ಪಕ್ಕಕ್ಕೇ ಮುರಿಯುತ್ತದೆ. ನಾನು ನೋಡಿದ ಒಂದು ಸೈಕಲ್ಲಿಗೆ ಒಂದೇ ಜಾಗದಲ್ಲಿ ಮೂರು ಗಂಟುಗಳಿದ್ದವು!

ಹಳೇ ಕಪ್ಪು ಸೈಕಲ್ಲುಗಳ ಕೀಲು ಬೆಸೆದದ್ದು ಹಿತ್ತಾಳೆಯಿಂದ. ಅದಕ್ಕೆ ಸುಮಾರು 900 ಡಿಗ್ರಿ ಸಾಕು, ಉಕ್ಕು ಕರಗುವುದೇ ಇಲ್ಲ. ಸಣ್ಣ ಬಿರುಕಾದರೆ ಗ್ಯಾಸ್ ಉರಿಯಲ್ಲಿ ಹಿತ್ತಾಳೆ ಕಡ್ಡಿ ಬಳಸುವವರನ್ನು ಹುಡುಕಿ. ಬಿರುಕು ಹ್ಯಾಂಡಲ್ ಬುಡದಲ್ಲಿದ್ದರೆ ಮಾತ್ರ ರಿಪೇರಿ ಬೇಡ, ಫ್ರೇಮನ್ನೇ ಬದಲಿಸಿ. ಅಲ್ಯೂಮಿನಿಯಂ ಗೇರ್ ಸೈಕಲ್ಲಿಗಂತೂ ಬೀದಿಯ ಬೆಸುಗೆ ತಾಗಿಸಲೇಬೇಡಿ. ಕಾವು ತಗುಲಿದಲ್ಲಿ ಅದರ ಗಟ್ಟಿತನ ಹೋಗುತ್ತದೆ.

ಮಳೆಗಾಲದಲ್ಲಿ ಸೀಟಿನ ಕಂಬದ ಸಂದಿಯಿಂದ ಇಳಿದ ನೀರು ಪೆಡಲ್ ಗೂಡಿನಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆ ಕಂಬ ತೆಗೆದು ಸೈಕಲ್ ಮಗುಚಿ ನೀರು ಬಸಿಯಿರಿ, ಗ್ರೀಸ್ ಸವರಿ ಮತ್ತೆ ಹಾಕಿ. ಮಗ ಎತ್ತರವಾದನೆಂದು ಕಂಬವನ್ನು ಅದರ ಮೇಲಿನ ಗೆರೆ ದಾಟಿ ಎಳೆಯಬೇಡಿ.