ಕ್ರೈಂ ಸುದ್ದಿ ಡೆಸ್ಕ್‌ಗೆ ಕಳಿಸುವ ಮುನ್ನ

ಎಫ್‌ಐಆರ್ ಪ್ರತಿ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ಡೆಸ್ಕ್‌ನವರು ಅವಸರ ಮಾಡುತ್ತಿದ್ದಾರೆ. ತಾಲ್ಲೂಕು ವರದಿಗಾರಿಕೆಗೆ ಹೊಸಬರಾಗಿದ್ದರೆ, ಕಳಿಸುವ ಮುನ್ನ ಇಷ್ಟು ನೋಡಿಕೊಳ್ಳಿ.

ಹಂತ 1: ಸಂತ್ರಸ್ತರ ಹೆಸರು ತೆಗೆಯಿರಿ
ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಇದೇ ಮೊದಲ ಕೆಲಸ. ಎಫ್‌ಐಆರ್‌ನಲ್ಲಿ ಹೆಸರಿದೆ ಎಂದರೆ ಅಚ್ಚು ಹಾಕಲು ಅನುಮತಿ ಇದೆ ಎಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಗುರುತು ಬಯಲು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು. ಸಂತ್ರಸ್ತೆ ತೀರಿಕೊಂಡಿದ್ದರೂ ರಿಯಾಯಿತಿ ಇಲ್ಲ. ಕಠುವಾದಲ್ಲಿ ಕೊಲೆಯಾದ ಬಾಲಕಿಯ ಗುರುತು ಪ್ರಕಟಿಸಿದ 12 ಮಾಧ್ಯಮ ಸಂಸ್ಥೆಗಳು ತಲಾ 10 ಲಕ್ಷ ರೂಪಾಯಿ ಕಟ್ಟಬೇಕೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು.

ಹಂತ 2: ಉಳಿದದ್ದನ್ನು ಊರಿನವರ ಕಣ್ಣಿನಿಂದ ಓದಿ
ಎಡವುವುದು ಇಲ್ಲೇ. ‘ಗ್ರಾಮದ ಕಿರಾಣಿ ಅಂಗಡಿಯವರ ಎರಡನೇ ಮಗಳು, 9ನೇ ತರಗತಿ ವಿದ್ಯಾರ್ಥಿನಿ’ ಎಂದು ಬರೆದರೆ ಹೆಸರು ಬಿಟ್ಟು ಏನು ಪ್ರಯೋಜನ? ಪೋಕ್ಸೊ ಕಾಯ್ದೆಯ 23ನೇ ಕಲಂ ವಿಳಾಸ, ಫೋಟೊ, ಕುಟುಂಬ, ಶಾಲೆ, ನೆರೆಹೊರೆ ಎಲ್ಲದರ ವಿವರವನ್ನೂ ನಿಷೇಧಿಸುತ್ತದೆ. ಹೆತ್ತವರೇ ‘ಹಾಕಿ’ ಎಂದರೂ ಹಾಕುವಂತಿಲ್ಲ. ಮಗುವಿನ ಹಿತಕ್ಕಾಗಿ ವಿಶೇಷ ನ್ಯಾಯಾಲಯ ಮಾತ್ರ ಅನುಮತಿಸಬಹುದು. ಆರೋಪಿ ತಂದೆಯೋ ಸೋದರಮಾವನೋ ಆಗಿದ್ದರೆ ಅವನ ಹೆಸರನ್ನೂ ಬಿಡಿ, ಅದರಿಂದಲೇ ಮಗು ಯಾರೆಂದು ತಿಳಿಯುತ್ತದೆ. ನನ್ನ ಕೇಳಿದರೆ ಊರಿನ ಹೆಸರೂ ಬೇಡ, ತಾಲ್ಲೂಕು ಸಾಕು. ತಪ್ಪಿದರೆ ಪತ್ರಿಕೆಯ ಮಾಲೀಕರು, ಪ್ರಕಾಶಕರೂ ಹೊಣೆ. ಅಪರಾಧ ಎಸಗಿದ ಆರೋಪ ಹೊತ್ತ ಮಕ್ಕಳ ಗುರುತನ್ನೂ ಬಾಲನ್ಯಾಯ ಕಾಯ್ದೆ ಹೀಗೆಯೇ ಕಾಯುತ್ತದೆ.

ಹಂತ 3: ‘ಎನ್ನಲಾಗಿದೆ’ಯನ್ನು ನಂಬಬೇಡಿ
ಅದು ತಾಯತವಲ್ಲ. ಯಾರು ಹೇಳಿದರು ಎಂಬುದನ್ನು ಬರೆಯಿರಿ: ಪೊಲೀಸರೋ, ದೂರುದಾರರೋ? ತೀರ್ಪು ಬರುವವರೆಗೆ ‘ಆರೋಪಿ’, ‘ಅಪರಾಧಿ’ಯಲ್ಲ. ಕ್ರಿಮಿನಲ್ ಮಾನಹಾನಿಯಲ್ಲಿ ಬರೆದದ್ದು ನಿಜ ಎಂದರಷ್ಟೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕಾಗುತ್ತದೆ. ಹಾಗಾಗಿ ಎದುರು ಪಕ್ಷದವರಿಗೂ ಫೋನ್ ಮಾಡಿ. ಎತ್ತದಿದ್ದರೆ ಕರೆ ಮಾಡಿದ ಸಮಯ ಬರೆದಿಟ್ಟುಕೊಳ್ಳಿ.

ಹಂತ 4: ಕೋರ್ಟಿನ ಸುದ್ದಿ
ಮುಕ್ತ ಕಲಾಪವನ್ನು ನಡೆದ ಹಾಗೆ ವರದಿ ಮಾಡಿದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯೇ ರಕ್ಷಣೆ ಕೊಡುತ್ತದೆ. ಗೋಪ್ಯ ವಿಚಾರಣೆಯಾದರೆ ಬರೆಯುವ ಮೊದಲು ಸಂಪಾದಕರನ್ನು ಕೇಳಿ.

ಹಂತ 5: ನೋಟ್‌ಬುಕ್ ಎಸೆಯಬೇಡಿ
ಪರಿಹಾರ ಕೋರಿ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ ಒಂದು ವರ್ಷ, ಕ್ರಿಮಿನಲ್ ಮಾನಹಾನಿ ದೂರಿಗೆ ಮೂರು ವರ್ಷ ಕಾಲಾವಕಾಶವಿದೆ. ಟಿಪ್ಪಣಿ, ರೆಕಾರ್ಡಿಂಗ್, ದಾಖಲೆಗಳನ್ನು ಅಲ್ಲಿಯವರೆಗಾದರೂ ಇಟ್ಟುಕೊಳ್ಳಿ. ವಕೀಲರ ನೋಟಿಸ್ ಬಂದರೆ ನೀವೇ ಉತ್ತರಿಸಲು ಹೋಗದೆ ಅಂದೇ ಸಂಪಾದಕರಿಗೆ ತಲುಪಿಸಿ. ವೆಬ್‌ಸೈಟಿನಲ್ಲಿರುವ ವರದಿಯನ್ನು ಸದ್ದಿಲ್ಲದೆ ತಿದ್ದುವ ಆಸೆಯೂ ಬೇಡ. ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಆ ವಕೀಲರ ಫೈಲಿನಲ್ಲಿರುತ್ತದೆ.